ಬಾಗಿಲವಾಡ

ಗುತ್ತಲು ರಸ್ತೆಯಲ್ಲಿ ಕೆಡವಿದ ಮನೆಗಳ ಮರ ಮಾರುವ ಅಂಗಡಿ:
ಕಿಟಕಿ, ತೊಲೆ, ಅರ್ಧ ಏಣಿ, ತೊಟ್ಟಿಲಿನ ಒಂದು ಕಾಲು.
ಬೇವಿನ ಮರಕ್ಕೆ ಒರಗಿ ನಿಂತಿತ್ತು ಈ ಬಾಗಿಲವಾಡ,
ಹೊಸ್ತಿಲಲ್ಲಿ ಇನ್ನೂ ಯಾರದೋ ಅರಿಸಿನ.
"ಬಾಗಿಲು ಬೇಡ್ವಾ?" ಅಂದ.
ಬೇಡ, ಬರೀ ವಾಡ ಸಾಕು.
"ಮನೆ ಕಟ್ತಿದೀರಾ?"
ಇಲ್ಲಪ್ಪ, ಮೈ ಕಟ್ತಿದೀನಿ,
ಅನ್ನಬೇಕಿತ್ತು. ಹೊಳೆದದ್ದು
ಲಗೇಜ್ ಆಟೋ ಫ್ಯಾಕ್ಟರಿ ಸರ್ಕಲ್ ದಾಟಿದ ಮೇಲೆ.

ನಾನು ಬೆಲ್ಲದ ಮಂಡಿಯಲ್ಲಿ ತೂಕ ಬರೆಯುವವಳು, ಇಪ್ಪತ್ತಾರು ವರ್ಷ.
ಎತ್ತುವವರು ಬೇರೆ, ಇಳಿಸುವವರು ಬೇರೆ,
ನನ್ನ ಪಾಲಿಗೆ ಪೆನ್ನು. ಅದು ಎಂಟು ಗ್ರಾಮ್.
ಹೋದ ವರ್ಷ ಯುಗಾದಿಯ ಹಿಂದಿನ ದಿನ
ತುಂಬಿದ ಸಿಲಿಂಡರು ಒಳಗೆ ಬರಲೊಲ್ಲೆ ಅಂತ
ಅಡುಗೆಮನೆಯ ಬಾಗಿಲಲ್ಲೇ ಕೂತಿತು.
ಅದರ ಪಕ್ಕ ನಾನೂ ಕೂತೆ.
ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಜಿಮ್ಮಿಗೂ ಹೋಗಿ ನೋಡಿದೆ. ಸುತ್ತ ಕನ್ನಡಿ,
ಹೋದವಳು ಒಬ್ಬಳು, ಕಂಡವರು ನಾಲ್ವರು,
ನಾಲ್ವರಿಗೂ ಎತ್ತಲಾಗಲಿಲ್ಲ.

ಹೀಗೆ ಶುರುವಾಯಿತು ಮುದ್ದಾಚಾರಿಯ ಜೊತೆ ವಾದ.
"ನೊಗ ಮಾಡಿದೀನಿ, ಕುಂಟೆ ಮಾಡಿದೀನಿ, ಮಂಚಕ್ಕೆ ಲೆಕ್ಕವಿಲ್ಲ,
ಇದಕ್ಕೇನಂತ ಹೆಸರು, ಅಕ್ಕ?"
ಹೆಸರು ಆಮೇಲೆ. ಮೊದಲು ಕರಿಜಾಲಿಯ ದಿಮ್ಮಿ,
ಊಟದ ತಟ್ಟೆಗಿಂತ ಎರಡು ಬೆರಳು ಅಗಲ,
ಸಾಮಿಲ್ಲಿನಲ್ಲಿ ಬಿಲ್ಲೆ ಬಿಲ್ಲೆಯಾಗಿ ಕೊಯ್ಸಿ
ನಡುವೆ ತೂತು. ತೂತಿಗೆ ತೂರುವ ದಂಡ ಮತ್ತಿಮರದ್ದು,
ಒಂದು ಗಂಟೂ ಇರಬಾರದು,
ಗಂಟಿದ್ದಲ್ಲೇ ಕೈಕೊಡೋದು, ಅಂದವನು ಅವನೇ.
ವಾಡದ ಎರಡು ನಿಲುವಿಗೂ ನನ್ನ ಭುಜದೆತ್ತರಕ್ಕೆ ಹಲ್ಲು.
"ಒಂಚೂರು ನೆಟ್ಟಗೆ ನಿಂತ್ಕೊಳ್ಳಿ."
ನಿಂತೆ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಗೀಟೆಳೆದ.
ಶಾಲೆ ಬಿಟ್ಟ ಮೇಲೆ ನನ್ನನ್ನು
ಯಾರೂ ಅಳೆದಿರಲಿಲ್ಲ.

ಸಂಜೆ ಮಂಡಿ ಮುಚ್ಚಿದ ಮೇಲೆ
ಸರ್ಕಾರದ ಮೊಹರಿರುವ ತಕ್ಕಡಿಗೇ ಇಟ್ಟೆ ಬಿಲ್ಲೆಗಳನ್ನ:
ನಾಲ್ಕು ಕೆಜಿ ನೂರ ನಲವತ್ತು.
ಮೂರು ಕೆಜಿ ಒಂಬೈನೂರ ಎಂಬತ್ತು.
ಒಂದೇ ಮರದ ಮಕ್ಕಳು, ಒಂದರ ಹಾಗೆ ಒಂದಿಲ್ಲ.
ಹಗುರದ್ದರ ಹೊಟ್ಟೆಯಲ್ಲಿ ಗುಳಿ ತೋಡಿ
ಸೈಕಲ್ ಬೇರಿಂಗಿನ ಗುಂಡು ತುಂಬಿ ಬಿರಡೆ ಬಡಿದ ಆಚಾರಿ.
ಎತ್ತಿದಾಗೆಲ್ಲ ಈಗಲೂ ಒಳಗೆ ಗಿಲಕಿಯ ಸದ್ದು.

ಆಟೋಗೆ ಹೇರಲು ಬಂದ ಹಮಾಲಿ ಚೆಲುವಯ್ಯ
ದಂಡ, ಬಿಲ್ಲೆ ಎಲ್ಲ ಸೇರಿಸಿ ಒಂದೇ ಕೈಲಿ ಎತ್ತಿ
"ಎಲ್ಲಿಗೆ ಹೊರೋದವ್ವ ಇದ್ನ?"
ಎಲ್ಲಿಗೂ ಇಲ್ಲ. ಎತ್ತೋದು, ಎತ್ತಿದ ಕಡೆಯೇ ಇಡೋದು.
ಬೀಡಿ ಆರುವಷ್ಟು ಹೊತ್ತು ಯೋಚಿಸಿದ.
"ಕೂಲಿ ಯಾರು ಕೊಟ್ಟಾರು?"

ಈಗ ಅದು ಹಿತ್ತಲಲ್ಲಿ, ಸೀಬೆಗಿಡದ ಪಕ್ಕ,
ಈ ಕಡೆಯೂ ಬಯಲು, ಆ ಕಡೆಯೂ ಬಯಲು.
ಇದರಡಿ ಎಷ್ಟು ಜನ ತಲೆ ತಗ್ಗಿಸಿದರೋ,
ಎಷ್ಟು ಜನ ಮರೆತು ಹಣೆ ಚಚ್ಚಿಕೊಂಡರೋ.
ಏಳನೇ ಕ್ಲಾಸಲ್ಲಿ ಹದಿನಾರರ ಮಗ್ಗಿ ತಪ್ಪಿದ್ದಕ್ಕೆ
ಕಿವಿ ಹಿಡಿದು ಐವತ್ತು ಬಸ್ಕಿ ಹೊಡೆದವಳು ನಾನು.
ಈಗ ಕಿವಿ ಬಿಟ್ಟು ದಂಡ ಹಿಡಿದಿದ್ದೇನೆ,
ತಪ್ಪು ಯಾವುದೆಂದು ನೆನಪಿಲ್ಲ.
ಹನ್ನೆರಡಕ್ಕೆ ಎಡ ಮಂಡಿ ಲಟಕ್ಕೆನ್ನುತ್ತದೆ;
ಆ ಮಂಡಿಗೆ ಭಾನುವಾರ ರಜೆ, ಈ ಮಂಡಿಗಿಲ್ಲ.

ಆಷಾಢದ ಸೋನೆಯಲ್ಲಿ ಒಂದು ದಿನ ಹತ್ತಕ್ಕೇ ಸೋತೆ.
ವಯಸ್ಸು ಅಂದುಕೊಂಡೆ. ಎರಡು ದಿನ ಆ ಕಡೆ ಸುಳಿಯಲಿಲ್ಲ.
ಮೂರನೇ ದಿನ, ಅಭ್ಯಾಸ ಬಿಡಬೇಕಲ್ಲ,
ಬಿಲ್ಲೆಯನ್ನು ಟಿಫನ್ ಚೀಲಕ್ಕೆ ಹಾಕಿಕೊಂಡು ಹೋಗಿ ತೂಗಿದೆ:
ನಾಲ್ಕು ಕೆಜಿ ಮುನ್ನೂರ ಐದು.
ಕೊಯ್ದು ವರ್ಷವಾಯಿತು,
ಕುಡಿಯುವುದನ್ನು ಬಿಟ್ಟಿಲ್ಲ ಮರ.

"ಹರಳೆಣ್ಣೆ ಬಳೀರಿ, ಎರಡು ಕೈ" ಅಂದ ಆಚಾರಿ.
ಎಣ್ಣೆ ತಂದಿಟ್ಟಿದ್ದೇನೆ. ಬಳಿದಿಲ್ಲ.
ಪುಸ್ತಕದಲ್ಲಿ ಮಾತ್ರ ಗೀಟೊಂದು ಹೆಚ್ಚಿಗೆ ಎಳೆದೆ:
ತಾರೀಖು. ಮರ. ನಾನು.